ನೆಲದ ಮೇಲೆ ಬದುಕುಳಿದ ಸ್ನೋಫ್ಲೇಕ್ ಮೊರೇ: ಈ ಹಾವುಮೀನಿನ ಬಗ್ಗೆ ತಿಳಿದವರು ದಯವಿಟ್ಟು ಹೇಳಿ

ಉಪ್ಪುನೀರು, ಬೆಂಗಳೂರು

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಸಮುದ್ರದ ನೀರಿನ ಅಕ್ವೇರಿಯಂನಲ್ಲಿ ಎಂಟು ತಿಂಗಳಿಂದ ಒಂದು ಸ್ನೋಫ್ಲೇಕ್ ಮೊರೇ ಇದೆ. ಒಂದೂಕಾಲು ಅಡಿ ಉದ್ದವಿರಬಹುದು. ಬಿಳಿಯ ಮೂತಿ, ಮೂತಿಯ ತುದಿಯಲ್ಲಿ ಹಳದಿ ಬಣ್ಣದ ಎರಡು ಪುಟ್ಟ ಕೊಳವೆಗಳಂಥ ಹೊಳ್ಳೆಗಳು, ಬೂದುಬಿಳಿ ಮೈಯ ಮೇಲೆ ಎರಡು ಸಾಲಾಗಿ ಹರಡಿದ ಕಪ್ಪು ಮಚ್ಚೆಗಳು, ಆ ಮಚ್ಚೆಗಳ ಒಳಗೆ ಅರಿಶಿನ ಚಿಮುಕಿಸಿದಂತೆ ಹಳದಿ ಚುಕ್ಕೆಗಳು. ಹಗಲೆಲ್ಲ ಕಲ್ಲಿನ ಸಂದಿನಿಂದ ತಲೆಯನ್ನಷ್ಟೇ ಹೊರಗೆ ಹಾಕಿ ಬಾಯಿ ತೆರೆಯುತ್ತ ಮುಚ್ಚುತ್ತ ಇರುತ್ತದೆ.

ಕಳೆದ ಮಂಗಳವಾರ ಬೆಳಿಗ್ಗೆ ಅದು ಎಲ್ಲಿಯೂ ಕಾಣಲಿಲ್ಲ. ಕಲ್ಲುಗಳನ್ನೆಲ್ಲ ಎತ್ತಿ ನೋಡಿದೆ, ಟ್ಯಾಂಕಿನ ಕೆಳಗಿರುವ, ನೀರು ಸೋಸುವ ಸಂಪಿನಲ್ಲಿ ಹುಡುಕಿದೆ. ಮುಚ್ಚಳದ ಹಿಂಬದಿಯಲ್ಲಿ ಪೈಪು ಹಾಯಲೆಂದು ಬಿಟ್ಟಿದ್ದ ಎರಡು ಬೆರಳಗಲದ ಸಂದು ಕಣ್ಣಿಗೆ ಬಿದ್ದಾಗ ಎದೆ ಧಸಕ್ಕೆಂದಿತು. ಕೊನೆಗೆ ಪುಸ್ತಕದ ಬೀರುವಿನ ಹಿಂದೆ, ಗೋಡೆಯ ಮೂಲೆಯಲ್ಲಿ, ಮೈಗೆಲ್ಲ ಧೂಳು ಮತ್ತು ಕೂದಲು ಅಂಟಿಸಿಕೊಂಡು ಹಗ್ಗದ ತುಂಡಿನಂತೆ ಬಿದ್ದಿತ್ತು. ಸತ್ತೇಹೋಗಿದೆ ಎಂದುಕೊಂಡು ಒದ್ದೆ ಟವೆಲಿನಲ್ಲಿ ಎತ್ತಿದೆ. ಆಗ ತಲೆಯ ಹಿಂದಿನ ಭಾಗ ಸಣ್ಣಗೆ ಮಿಡಿಯಿತು. ನೀರಿಗೆ ಬಿಟ್ಟ ಮೇಲೆ ಬಹಳ ಹೊತ್ತು ಒಂದೇ ಪಕ್ಕಕ್ಕೆ ಮಲಗಿದ್ದು, ಮಧ್ಯಾಹ್ನದ ಹೊತ್ತಿಗೆ ತನ್ನ ಸಂದಿಗೆ ತಾನೇ ಸೇರಿಕೊಂಡಿತು. ಈಗ ಆರು ದಿನವಾಗಿದೆ, ನಿನ್ನೆ ಸಿಗಡಿಯ ಒಂದು ತುಂಡನ್ನು ತಿಂದಿದೆ.

ಮೀನು ನೀರಿನ ಹೊರಗೆ ಅಷ್ಟು ಹೊತ್ತು ಹೇಗೆ ಬದುಕಿತು ಎನ್ನುವುದು ನನ್ನ ಮೊದಲ ಪ್ರಶ್ನೆ. ಅದು ಹೊರಬಂದದ್ದು ನನ್ನ ಸಾಕಣೆಯಲ್ಲಿನ ತಪ್ಪಿನಿಂದಲೋ, ಅಥವಾ ಅದರ ಸ್ವಭಾವವೇ ಹಾಗೋ ಎನ್ನುವುದು ಎರಡನೆಯದು. ಕೊಂಡ ಅಂಗಡಿಯವರು ‘ಇದಕ್ಕೆ ಸಿಹಿನೀರಾದರೂ ನಡೆಯುತ್ತದೆ’ ಎಂದಿದ್ದರು. ನಾನು ಆ ಮಾತನ್ನು ಕೇಳಲಿಲ್ಲ, ಆದರೆ ಅದರಲ್ಲಿ ನಿಜವೆಷ್ಟು ಎಂದು ತಿಳಿಯಬೇಕಾಗಿದೆ. ಈ ಜೀವಿಯ ಬಗ್ಗೆ ಏನೂ ತಿಳಿಯದೆ ಮನೆಗೆ ತಂದೆನಲ್ಲ ಎಂಬ ಕೊರಗು ಆ ಬೆಳಗಿನಿಂದ ಹೋಗಿಲ್ಲ.

ಕಿವಿರು, ಮಂಗಳೂರು

ಉಪ್ಪುನೀರು ಅವರೇ, ಮೀನು ಉಳಿದದ್ದು ಸಂತೋಷದ ವಿಷಯ. ನಾನು ಮೀನುಗಾರಿಕೆಯ ವಿದ್ಯಾರ್ಥಿಗಳಿಗೆ ಪಾಠ ಹೇಳುವವನು, ಆದ್ದರಿಂದ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಮೊದಲು ಆ ಬಾಯಿಯ ವಿಷಯ. ಬಂಗುಡೆಯನ್ನೋ ಕಾಟ್ಲಾವನ್ನೋ ನೋಡಿ, ಕಿವಿರಿನ ಮೇಲೆ ಎಲುಬಿನ ಮುಚ್ಚಳವೊಂದು ಬಡಿಯುತ್ತ ನೀರನ್ನು ಹಾಯಿಸುತ್ತದೆ. ಮೊರೇಗಳ ತಲೆಯ ಹಿಂದೆ ಇರುವುದು ಅಕ್ಕಪಕ್ಕದಲ್ಲಿ ಎರಡು ಚಿಕ್ಕ ದುಂಡು ತೂತುಗಳು ಮಾತ್ರ. ಅಷ್ಟು ಕಿರಿದಾದ ತೂತಿನಿಂದ ನೀರು ಹೊರಗೆ ಹೋಗಬೇಕಾದರೆ ಬಾಯಿಯೇ ತಿದಿಯ ಹಾಗೆ ಕೆಲಸ ಮಾಡಬೇಕು. ಹಲ್ಲು ಕಾಣುವಂತೆ ಬಾಯಿ ತೆರೆದು ಮುಚ್ಚುವುದನ್ನು ಜನರು ಸಿಟ್ಟು, ಬೆದರಿಕೆ ಎಂದು ತಿಳಿಯುತ್ತಾರೆ. ಅದು ಉಸಿರಾಟ, ಬೇರೇನೂ ಅಲ್ಲ. ನೀವು ಟವೆಲಿನಲ್ಲಿ ಎತ್ತಿದಾಗ ಮಿಡಿದದ್ದು ಕೂಡ ಇದೇ ಭಾಗ.

ಮೊರೇಗಳಿಗೆ ಹುರುಪೆಗಳಿಲ್ಲ, ಎದೆಯ ಈಜುರೆಕ್ಕೆಗಳೂ ಇಲ್ಲ. ಇಡೀ ಮೈಗೆ ದಪ್ಪ ಲೋಳೆಯ ಹೊದಿಕೆ ಇರುತ್ತದೆ. ಈ ಲೋಳೆ ಮೈಯನ್ನು ಬೇಗ ಒಣಗಲು ಬಿಡುವುದಿಲ್ಲ. ಕಿವಿರು ತೇವವಾಗಿ ಉಳಿದಿರುವವರೆಗೆ ಮೀನಿಗೆ ಜೀವ ಹಿಡಿದುಕೊಳ್ಳಲು ಒಂದಿಷ್ಟು ಅವಕಾಶ ಸಿಗುತ್ತದೆ. ನಿಮ್ಮ ಮೀನು ಗೋಡೆಯ ಮೂಲೆಯ ತಂಪಿನಲ್ಲಿ, ಬಿಸಿಲು ಮತ್ತು ಫ್ಯಾನಿನ ಗಾಳಿಗೆ ಸಿಗದೆ ಬಿದ್ದಿದ್ದರಿಂದ ಆ ಅವಕಾಶ ಹೆಚ್ಚಾಗಿರಬೇಕು. ಇನ್ನು ಮುಂದೆ ಮೈ ಒರೆಸಲು ಹೋಗಬೇಡಿ. ಲೋಳೆ ಕಿತ್ತುಹೋದ ಕಡೆ ಸೋಂಕು ಹಿಡಿಯುತ್ತದೆ. ಎರಡು ವಾರ ನೀರನ್ನು ಚೊಕ್ಕಟವಾಗಿ ಇಟ್ಟು ಚರ್ಮದ ಮೇಲೆ ಬಿಳಿ ಅಥವಾ ಕೆಂಪು ಕಲೆ ಏಳುತ್ತದೆಯೇ ಎಂದು ನೋಡುತ್ತಿರಿ.

ಹೊರಬಂದದ್ದು ತಪ್ಪಿನಿಂದಲೋ ಸ್ವಭಾವದಿಂದಲೋ ಎಂಬ ಪ್ರಶ್ನೆಗೆ ಬಹಳ ಸೊಗಸಾದ ಉತ್ತರವಿದೆ. ಕ್ಯಾಲಿಫೋರ್ನಿಯಾದ ಸಾಂತಾ ಕ್ರೂಜ್ ವಿಶ್ವವಿದ್ಯಾಲಯದ ರೀಟಾ ಮೆಹ್ತಾ ಮತ್ತು ಕೈಲ್ ಡೊನೊಹೂ ಅವರು ಇದೇ ಜಾತಿಯ ಮೊರೇಗಳಿಗೆ ಇಳಿಜಾರು ಹಲಗೆಯೊಂದನ್ನು ಹತ್ತಿ ನೀರಿನಿಂದ ಹೊರಗೆ ಬರುವುದನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿಸಿ, ಅಲ್ಲಿ ಇಟ್ಟ ಬೊಂಡಾಸದ (ಸ್ಕ್ವಿಡ್) ತುಂಡನ್ನು ಹಿಡಿದು ನುಂಗುವುದನ್ನು ಚಿತ್ರೀಕರಿಸಿ, 2021ರಲ್ಲಿ ಪ್ರಕಟಿಸಿದರು. ಮೀನು ತುಂಡನ್ನು ಬಾಯಲ್ಲಿ ಹಿಡಿದು ನೀರಿಗೆ ಮರಳಿ ಬಂದು ನುಂಗಲಿಲ್ಲ. ಒಣನೆಲದ ಮೇಲೆಯೇ ನುಂಗಿತು. ನೀರಿನಲ್ಲಿ ನುಂಗುವಾಗ ಬಾಯಿ ಹೇಗೆ ಚಲಿಸುತ್ತದೆಯೋ ನೆಲದ ಮೇಲೆಯೂ ಹೆಚ್ಚುಕಡಿಮೆ ಹಾಗೆಯೇ ಚಲಿಸಿತು.

ಇದು ಏಕೆ ದೊಡ್ಡ ವಿಷಯವೆಂದರೆ, ಸಾಮಾನ್ಯವಾಗಿ ಎಲುಬಿನ ಮೀನುಗಳು ಬಾಯಿಯನ್ನು ತಟ್ಟನೆ ಅಗಲಿಸಿ, ನೀರನ್ನು ಒಳಕ್ಕೆ ಎಳೆದುಕೊಂಡು, ಆ ನೀರಿನ ಸೆಳೆತದಲ್ಲಿ ಆಹಾರವನ್ನು ಗಂಟಲಿಗೆ ತಂದುಕೊಳ್ಳುತ್ತವೆ. ನೀರಿಲ್ಲದಿದ್ದರೆ ಅವುಗಳಿಗೆ ತುತ್ತನ್ನು ಒಳಗೆ ಸಾಗಿಸುವ ದಾರಿಯೇ ಇಲ್ಲ. ಮೊರೇಯದು ಬೇರೆ ದಾರಿ. ಅದರ ಗಂಟಲಿನ ಆಳದಲ್ಲಿ, ತಲೆಬುರುಡೆಯ ಹಿಂದೆ, ಹಲ್ಲುಗಳಿರುವ ಎರಡನೆಯ ಜೋಡಿ ದವಡೆಗಳಿವೆ. ಮುಂದಿನ ದವಡೆ ಬೇಟೆಯನ್ನು ಕಚ್ಚಿ ಹಿಡಿದ ಕೂಡಲೇ ಹಿಂದಿನ ದವಡೆ ಗಂಟಲಿನಿಂದ ಬಾಯಿಯೊಳಕ್ಕೆ ನುಗ್ಗಿ ಬಂದು, ಬೇಟೆಯನ್ನು ತಾನು ಕಚ್ಚಿಕೊಂಡು ಹಿಂದಕ್ಕೆ ಎಳೆಯುತ್ತದೆ. ಮೆಹ್ತಾ ಮತ್ತು ಪೀಟರ್ ವೇನ್‌ರೈಟ್ ಅವರು 2007ರಲ್ಲಿ ಇದನ್ನು ಇನ್ನೊಂದು ಜಾತಿಯ ಮೊರೇಯಲ್ಲಿ ತೋರಿಸಿಕೊಟ್ಟರು. ಕಿರಿದಾದ ಬಿರುಕಿನಲ್ಲಿ ತಲೆ ತೂರಿಸಿದ ಮೀನಿಗೆ ಬಾಯಿ ಅಗಲಿಸಿ ನೀರೆಳೆಯಲು ಜಾಗವೆಲ್ಲಿರುತ್ತದೆ? ಅಂಥ ಇಕ್ಕಟ್ಟಿನ ಬದುಕಿಗೆ ಹೊಂದಿಕೊಂಡ ಅಂಗವು ನೀರಿನ ಹೊರಗೂ ಉಪಯೋಗಕ್ಕೆ ಬಂದಿದೆ. ಹಾಗಾಗಿ ನೀರಿನಿಂದ ಮೇಲೇಳುವುದು ನಿಮ್ಮ ಮೀನಿಗೆ ಹೊಸದೇನಲ್ಲ. ಸಮುದ್ರದ ದಂಡೆಯಲ್ಲಾದರೆ ಪಕ್ಕದಲ್ಲಿ ಇನ್ನೊಂದು ನೀರಿನ ಹೊಂಡ ಸಿಗುತ್ತಿತ್ತು, ನಿಮ್ಮ ಮನೆಯಲ್ಲಿ ಬೀರು ಸಿಕ್ಕಿತು.

ಇಳಿತ, ಮುರುಡೇಶ್ವರ

ಕಿವಿರು ಸರ್ ಹೇಳಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಾನು ಡೈವಿಂಗ್ ಕೆಲಸದಲ್ಲಿರುವವನು, ನೇತ್ರಾಣಿಯ ನೀರಿನಲ್ಲಿ ಮೊರೇಗಳನ್ನು ನೋಡುವುದು ಅಭ್ಯಾಸವಾಗಿದೆ, ಆದರೆ ಸ್ನೋಫ್ಲೇಕ್ ಅನ್ನು ಮನಸ್ಸು ತುಂಬಿ ನೋಡಿದ್ದು ಲಕ್ಷದ್ವೀಪದ ಕಡಮತ್‌ನಲ್ಲಿ. ಸಂಜೆಯ ಇಳಿತದ ಹೊತ್ತಿಗೆ ಲಗೂನಿನ ಅಂಚಿನ ಹವಳದಿಬ್ಬದ ಮೇಲೆ ನೀರು ಮೊಣಕಾಲಿಗಿಂತ ಕೆಳಗೆ ಇಳಿದು, ಅಲ್ಲಲ್ಲಿ ಬೋಗುಣಿಯಷ್ಟು, ತೊಟ್ಟಿಯಷ್ಟು ಹೊಂಡಗಳು ಉಳಿಯುತ್ತವೆ. ಒಂದು ಹೊಂಡದ ಅಂಚಿನಲ್ಲಿ ಸಣ್ಣ ಏಡಿಗಳು ಪಾಚಿ ಕೆರೆಯುತ್ತಿದ್ದವು. ನೀರಿನೊಳಗಿನಿಂದ ಬಿಳಿಯ ಮೂತಿಯೊಂದು ಮೆಲ್ಲಗೆ ಬಂದು, ಹೊಂಡದ ಅಂಚಿಗೆ ಗಲ್ಲವಿಟ್ಟಂತೆ ನಿಂತಿತು. ಅರೆಗಳಿಗೆಯಲ್ಲಿ ಗೇಣುದ್ದದ ಮೈ ನೀರಿನ ಹೊರಗೆ ಹಾರಿ, ಏಡಿಯೊಂದನ್ನು ಕಾಲು ಸಹಿತ ಹಿಡಿದು, ತಲೆಯನ್ನು ಎಡಕ್ಕೆ ಬಲಕ್ಕೆ ಕಲ್ಲಿಗೆ ಬಡಿಯಿತು. ಏಡಿಯ ಚಿಪ್ಪು ಒಡೆದ ಸದ್ದು ನನಗೆ ಕೇಳಿಸಿತು. ಬಳಿಕ ಅದು ಹೊಂಡಕ್ಕೆ ಜಾರದೆ, ಒದ್ದೆ ಕಲ್ಲಿನ ಮೇಲೆಯೇ ಹರಿದು ಪಕ್ಕದ ಹೊಂಡ ಸೇರಿತು.

ಅದೇ ದಿಬ್ಬದ ಮೇಲೆ ದ್ವೀಪದ ಜನ ಇಳಿತದಲ್ಲಿ ಅಷ್ಟಪದಿ (ಆಕ್ಟೋಪಸ್) ಹಿಡಿಯಲು ನಡೆಯುತ್ತಾರೆ. ಸಲಾಕೆಯಿಂದ ಬಿಲ ಕೆದಕುವ ಮುನ್ನ ಒಳಗಿರುವುದು ಅಷ್ಟಪದಿಯೋ ಹಾವುಮೀನೋ ಎಂದು ಒಂದು ಗಳಿಗೆ ನಿಂತು ನೋಡುವುದನ್ನು ನಾನು ಅವರಿಂದ ಕಲಿತೆ. ಬಿಲಕ್ಕೆ ಕೈ ಹಾಕುವವರು ಯಾರೂ ಇಲ್ಲ.

ಬಲೆಮನೆ, ಮಲ್ಪೆ

ನಮ್ಮ ಕಡೆ ಬಂಡೆ ಇರುವಲ್ಲಿ ಗಾಳ ಹಾಕಿದಾಗ ದೊಡ್ಡ ಜಾತಿಯ ಹಾವುಮೀನುಗಳು ಬರುವುದುಂಟು. ದೋಣಿಗೆ ಎಳೆದುಕೊಂಡರೆ ಹಗ್ಗ, ಬುಟ್ಟಿ, ಕಾಲು ಯಾವುದನ್ನೂ ನೋಡದೆ ಕಚ್ಚುತ್ತವೆ. ನಮ್ಮ ತಂದೆಯವರು ‘ಅದಕ್ಕೆ ಹಾವಿನಷ್ಟೇ ವಿಷ’ ಎನ್ನುತ್ತಿದ್ದರು, ಅವರ ಬೆರಳಿಗೆ ಕಚ್ಚಿದ ಗಾಯ ಒಂದು ತಿಂಗಳು ಮಾಗಲಿಲ್ಲ. ಇಂಥ ಕ್ರೂರ ಮೀನನ್ನು ಮಕ್ಕಳಿರುವ ಮನೆಯಲ್ಲಿ ಇಡುವುದು ಸರಿಯೇ ಎಂದು ಕೇಳಬೇಕೆನಿಸುತ್ತದೆ. ತಿನ್ನುವ ವಿಷಯದಲ್ಲೂ ಹಿರಿಯರು ಎಚ್ಚರಿಕೆ ಹೇಳುತ್ತಿದ್ದರು.

ಕಿವಿರು, ಮಂಗಳೂರು

ಬಲೆಮನೆ ಅವರೇ, ತಮ್ಮ ತಂದೆಯವರ ಗಾಯದ ಮಾತು ಪೂರ್ತಿ ನಿಜ, ಆದರೆ ಕಾರಣ ಬೇರೆ. ಹಾವಿಗೆ ಇರುವಂತೆ ವಿಷದ ಚೀಲ, ಅದರಿಂದ ಹಲ್ಲಿಗೆ ಬರುವ ನಾಳ ಮೊರೇಗೆ ಇಲ್ಲ. ದೊಡ್ಡ ಮೊರೇಗಳ ಹಲ್ಲುಗಳು ಸೂಜಿಯಂತೆ ಹಿಂದಕ್ಕೆ ಬಾಗಿರುವುದರಿಂದ ಕಚ್ಚಿದಾಗ ಕೈ ಎಳೆದುಕೊಂಡಷ್ಟೂ ಮಾಂಸ ಹರಿಯುತ್ತದೆ, ಆಳವಾಗಿ ಹರಿದ ಆ ಜಾಗಕ್ಕೆ ಸೋಂಕು ಸೇರಿ ಗಾಯ ಮಾಗುವುದಿಲ್ಲ. ಅಂಥ ಗಾಯವನ್ನು ತಕ್ಷಣ ತೊಳೆದು ವೈದ್ಯರಿಗೆ ತೋರಿಸಲೇಬೇಕು.

ತಿನ್ನುವ ಬಗ್ಗೆ ಹಿರಿಯರು ಹೇಳಿದ್ದಕ್ಕೂ ಆಧಾರವಿದೆ. ಸತ್ತ ಹವಳ ಮತ್ತು ಪಾಚಿಯ ಮೇಲೆ ಬೆಳೆಯುವ ಗ್ಯಾಂಬಿಯರ್‌ಡಿಸ್ಕಸ್ ಎಂಬ ಸೂಕ್ಷ್ಮಜೀವಿಯ ವಿಷ, ಪಾಚಿ ತಿನ್ನುವ ಮೀನಿನಿಂದ ಅದನ್ನು ತಿನ್ನುವ ಮೀನಿಗೆ ದಾಟುತ್ತ ದೊಡ್ಡ ಬೇಟೆಗಾರ ಮೀನಿನ ಮೈಯಲ್ಲಿ ಸೇರಿಕೊಳ್ಳುತ್ತದೆ. ಇದಕ್ಕೆ ಸಿಗ್ವಟೆರಾ ಎನ್ನುತ್ತಾರೆ. ಬೇಯಿಸಿದರೂ ಹುರಿದರೂ ಆ ವಿಷ ಹೋಗುವುದಿಲ್ಲ. ಹವಳದ ಕಡಲುಗಳಲ್ಲಿ ದೊಡ್ಡ ಮೊರೇಗಳನ್ನು ತಿಂದು ಜನ ಕಾಯಿಲೆ ಬಿದ್ದಿದ್ದಾರೆ. ನಮ್ಮ ಮಂಗಳೂರಿನಲ್ಲಿಯೇ ಕೆಲವು ವರ್ಷಗಳ ಹಿಂದೆ ರೆಡ್ ಸ್ನ್ಯಾಪರ್ ಮೀನಿನ ಮೂಲಕ ಸಿಗ್ವಟೆರಾ ಬಂದದ್ದನ್ನು ತಾವು ಕೇಳಿರಬಹುದು.

ಆದರೆ ಈ ಚರ್ಚೆಯ ಮೀನು ಆ ಸಾಲಿನದಲ್ಲ. ಸ್ನೋಫ್ಲೇಕ್‌ನ ಬಾಯಲ್ಲಿ ಮುಖ್ಯವಾಗಿ ಇರುವುದು ಸೂಜಿಹಲ್ಲುಗಳಲ್ಲ, ಕಡಲೆಕಾಳಿನ ಹಾಗೆ ಮೊಂಡಾದ, ಅರೆಯುವ ಹಲ್ಲುಗಳು. ಏಡಿ ಮತ್ತು ಸಿಗಡಿಯ ಚಿಪ್ಪನ್ನು ಒಡೆಯಲೆಂದೇ ಅವು ಹಾಗಿವೆ. ಸುಮಾರು 200 ಜಾತಿಯ ಮೊರೇಗಳಲ್ಲಿ ಮೀನು ಹಿಡಿಯುವ ಸೂಜಿಹಲ್ಲಿನವು ಒಂದು ಬಗೆ, ಚಿಪ್ಪು ಒಡೆಯುವ ಮೊಂಡುಹಲ್ಲಿನವು ಇನ್ನೊಂದು ಬಗೆ.

ಇಳಿತ, ಮುರುಡೇಶ್ವರ

ಕ್ರೂರ ಎಂಬ ಮಾತಿಗೆ ನಾನೂ ಒಂದು ಸೇರಿಸುತ್ತೇನೆ. 3 ಮೀಟರ್ ತನಕ ಬೆಳೆಯುವ ದೈತ್ಯ ಮೊರೇ ಕೂಡ ಡೈವರ್‌ಗಳ ಮೇಲೆ ತಾನಾಗಿ ಬೀಳುವುದಿಲ್ಲ. ಕೆಂಪು ಸಮುದ್ರದಲ್ಲಿ ಗ್ರೂಪರ್ ಮೀನು ಈ ದೈತ್ಯ ಮೊರೇಯ ಬಿಲದ ಮುಂದೆ ಬಂದು ತಲೆ ಅಲ್ಲಾಡಿಸಿ ಕರೆಯುತ್ತದೆ, ಎರಡೂ ಜೊತೆಯಾಗಿ ಬೇಟೆಗೆ ಹೋಗುತ್ತವೆ ಎಂದು 2006ರಲ್ಲಿ ರೆಡುವಾನ್ ಬ್ಶಾರಿ ಮತ್ತು ಸಂಗಡಿಗರು ತೋರಿಸಿದ್ದಾರೆ. ಸಂದಿನೊಳಗೆ ನುಗ್ಗಿ ಅಟ್ಟುವುದು ಮೊರೇಯ ಕೆಲಸ, ಹೊರಗೆ ಕಾದಿರುವುದು ಗ್ರೂಪರ್‌ನ ಕೆಲಸ. ಇಂಥ ಜೀವಿಗೆ ಕ್ರೂರ ಎಂಬ ಒಂದು ಮಾತು ಸಾಲದು.

ಪದಕೋಶ, ಧಾರವಾಡ

ಹೆಸರಿನ ಬಗ್ಗೆ ಒಂದು ಮಾತು. ಸ್ನೋಫ್ಲೇಕ್ ಮೊರೇಯ ಶಾಸ್ತ್ರೀಯ ಹೆಸರು ಎಕಿಡ್ನಾ ನೆಬ್ಯುಲೋಸಾ. ಈ ಜಾತಿಯನ್ನು 1789ರಲ್ಲಿ ವಿವರಿಸಿದವರು ಸ್ವೀಡನ್ನಿನ ಉಪ್ಸಾಲಾದಲ್ಲಿ ಸಸ್ಯವಿಜ್ಞಾನಿ ಟುನ್‌ಬೆರ್ಗ್ ಅವರ ಶಿಷ್ಯರಾಗಿದ್ದ ಯೋನಾಸ್ ನಿಕೊಲಾಸ್ ಅಹ್ಲ್. ನೆಬ್ಯುಲೋಸಾ ಎಂದರೆ ಮಂಜು ಮುಸುಕಿದ್ದು, ಮೋಡ ಕವಿದದ್ದು. ಹಿಮ ಕಾಣದ ನಮ್ಮ ನಾಡಿನವರಿಗೆ ‘ಹಿಮದ ಹಳಕು’ ಎಂಬ ವ್ಯಾಪಾರದ ಹೆಸರಿಗಿಂತ ‘ಮೋಡಮಚ್ಚೆಯ ಹಾವುಮೀನು’ ಎಂದರೆ ಆ ಮೈಬಣ್ಣ ಬೇಗ ಕಣ್ಣಿಗೆ ಕಟ್ಟುತ್ತದೆ ಎಂದು ನನಗನ್ನಿಸುತ್ತದೆ.

ಎಕಿಡ್ನಾ ಎಂದೊಡನೆ ಹಲವರಿಗೆ ಆಸ್ಟ್ರೇಲಿಯಾದ ಮುಳ್ಳುಮೈಯ ಇರುವೆಬಾಕ ನೆನಪಾಗುತ್ತದೆ. ಆ ಪ್ರಾಣಿಗೆ ಫ್ರಾನ್ಸಿನ ಪ್ರಾಣಿಶಾಸ್ತ್ರಜ್ಞ ಕ್ಯುವಿಯೇ ಅವರು ಈ ಹೆಸರನ್ನು ಇಟ್ಟದ್ದು ನಿಜ. ಆದರೆ ಕ್ಯಾಪ್ಟನ್ ಕುಕ್ ಅವರ ಎರಡನೆಯ ಯಾನದಲ್ಲಿ ಹೋಗಿದ್ದ ನಿಸರ್ಗಶಾಸ್ತ್ರಜ್ಞ ಫೋರ್ಸ್ಟರ್ ಅವರು ಅದಕ್ಕೂ ಮೊದಲೇ, 1788ರಲ್ಲಿ, ಹಾವುಮೀನಿನ ಕುಲಕ್ಕೆ ಎಕಿಡ್ನಾ ಎಂದು ಹೆಸರಿಟ್ಟಾಗಿತ್ತು. ಮೊದಲು ಬಂದ ಹೆಸರಿಗೇ ಹಕ್ಕು ಎಂಬುದು ಪ್ರಾಣಿಶಾಸ್ತ್ರದ ನಿಯಮ. ಹಾಗಾಗಿ ಇರುವೆಬಾಕಕ್ಕೆ ಟ್ಯಾಕಿಗ್ಲಾಸಸ್ ಎಂಬ ಬೇರೆ ಶಾಸ್ತ್ರೀಯ ಹೆಸರು ಬಂತು, ಎಕಿಡ್ನಾ ಎಂಬುದು ಜನರ ಬಾಯಲ್ಲಿ ಮಾತ್ರ ಉಳಿಯಿತು. ಹೆಸರಿನ ನಿಜವಾದ ಒಡೆಯ ಉಪ್ಪುನೀರು ಅವರ ಮನೆಯಲ್ಲಿದ್ದಾನೆ.

ಅಳಿವೆ, ಕುಂದಾಪುರ

ಉಪ್ಪುನೀರು ಅವರ ಅಂಗಡಿಯವರ ಮಾತಿಗೆ ಉತ್ತರ ಯಾರೂ ಕೊಟ್ಟಿಲ್ಲ, ಈ ವಿಷಯದಲ್ಲಿ ನನಗೆ ನೋವಿನ ಅನುಭವವಿದೆ. ‘ಸಿಹಿನೀರಿನ ಸ್ನೋಫ್ಲೇಕ್’ ಎಂಬ ಹೆಸರಿನಲ್ಲಿ ಮಾರಾಟವಾಗುವುದು ಬೇರೆಯೇ ಮೀನು, ಜಿಮ್ನೋಥೊರಾಕ್ಸ್ ಟೈಲ್. ಫ್ರಾನ್ಸಿಸ್ ಹ್ಯಾಮಿಲ್ಟನ್ ಅವರು ಗಂಗೆಯ ಮೀನುಗಳ ಬಗ್ಗೆ 1822ರಲ್ಲಿ ಬರೆದ ಗ್ರಂಥದಲ್ಲಿ ಇದನ್ನು ವಿವರಿಸಿದ್ದಾರೆ. ಹ್ಯಾಮಿಲ್ಟನ್ ಎಂದರೆ 1800ರಲ್ಲಿ ನಮ್ಮ ಮೈಸೂರು, ಕೆನರಾ ಸೀಮೆಗಳಲ್ಲಿ ಸಂಚರಿಸಿ ಬರೆದ ಅದೇ ಬುಕಾನನ್. ಈ ಮೀನು ನದಿ ಸಮುದ್ರ ಸೇರುವ ಅಳಿವೆಯಲ್ಲಿ, ಉಪ್ಪು ಕಡಿಮೆಯಾಗುತ್ತ ಹೆಚ್ಚುತ್ತ ಇರುವ ಕೆಸರಿನ ನೀರಿನಲ್ಲಿ ಬಾಳುವಂಥದ್ದು. ಕಂದು ಮೈ, ಅದರ ಮೇಲೆ ಸಣ್ಣ ತಿಳಿ ಚುಕ್ಕೆಗಳು.

ಅಳಿವೆಯ ಮೀನಾದ್ದರಿಂದ ಸಿಹಿನೀರಿನಲ್ಲಿ ಕೆಲವು ವಾರ, ಕೆಲವು ತಿಂಗಳು ತಾಳಿಕೊಳ್ಳುತ್ತದೆ. ಆ ತಾಳ್ಮೆಯನ್ನೇ ಮಾರುವವರು ‘ನಡೆಯುತ್ತದೆ’ ಎನ್ನುತ್ತಾರೆ. ನಾನು ತಂದದ್ದು ಮೊದಲ ತಿಂಗಳು ಚೆನ್ನಾಗಿತ್ತು, ಎರಡನೆಯ ತಿಂಗಳು ಆಹಾರ ಬಿಟ್ಟಿತು, ಮೂರನೆಯ ತಿಂಗಳಲ್ಲಿ ಚರ್ಮದ ಮೇಲೆ ಬಿಳಿಯ ಪೊರೆ ಎದ್ದು ಸತ್ತಿತು. ನೀರಿಗೆ ಸಮುದ್ರದ ಉಪ್ಪನ್ನು ಹಂತಹಂತವಾಗಿ ಬೆರೆಸಿದ್ದರೆ ಅದು ಬದುಕುತ್ತಿತ್ತು ಎಂದು ಆಮೇಲೆ ತಿಳಿಯಿತು. ಇನ್ನು ನಿಮ್ಮಲ್ಲಿರುವ ನಿಜವಾದ ಸ್ನೋಫ್ಲೇಕ್ ಹವಳದಿಬ್ಬದ್ದು, ಅದಕ್ಕೆ ಪೂರ್ಣ ಸಮುದ್ರದ ನೀರೇ ಬೇಕು. ಸಾಂದ್ರತೆ 1.023ರಿಂದ 1.025, ಉಷ್ಣತೆ 24ರಿಂದ 27 ಡಿಗ್ರಿ. ಆ ಮಾತನ್ನು ಕೇಳದೆ ಇದ್ದುದರಿಂದ ನೀವು ಒಂದು ಜೀವ ಉಳಿಸಿದ್ದೀರಿ.

ಹದಿನೈದು ವರ್ಷದ ಟ್ಯಾಂಕು, ಮೈಸೂರು

ಸಾಕುವ ವಿಚಾರ ಚುಟುಕಾಗಿ ಹೇಳುತ್ತೇನೆ. ಮುಚ್ಚಳದಲ್ಲಿ ನಿಮ್ಮ ಕಿರುಬೆರಳು ತೂರುವ ಸಂದು ಇದ್ದರೆ ಅಲ್ಲಿ ಮೊರೇಯ ತಲೆ ತೂರುತ್ತದೆ, ತಲೆ ತೂರಿದಲ್ಲಿ ಮೈಯೂ ತೂರುತ್ತದೆ. ಪೈಪಿನ ಸುತ್ತ ಸ್ಪಂಜು ತುರುಕಿದರೆ ಸಾಲದು, ಅದನ್ನು ತಳ್ಳಿಬಿಡುತ್ತದೆ. ಅಕ್ರಿಲಿಕ್ ಹಾಳೆಯನ್ನು ಪೈಪಿನ ಅಳತೆಗೆ ಕೊರೆಸಿ ಕೂರಿಸಿ, ಮೇಲೆ ಭಾರವಿಡಿ. ನೀರು ಹೊರಗೆ ಹೋಗುವ ಬಾಯಿಗೂ ಜಾಲರಿ ಬೇಕು.

ಅಡಗಲು ಜಾಗವಿಲ್ಲದ ಮೊರೇಯೇ ಹೆಚ್ಚಾಗಿ ಹೊರಗೆ ಹಾರುವುದು. ಕಲ್ಲುಗಳ ಅಡಿಯಲ್ಲಿ ಅದರ ಮೈಗಿಂತ ಸ್ವಲ್ಪವೇ ಅಗಲವಾದ, ಎರಡೂ ಕಡೆ ತೆರೆದ ಪಿವಿಸಿ ಕೊಳವೆಯನ್ನು ಹುದುಗಿಸಿಡಿ. ಮೈಯ ನಾಲ್ಕೂ ಸುತ್ತಿಗೆ ಏನಾದರೂ ತಾಗುತ್ತಿದ್ದರೆ ಅದಕ್ಕೆ ನೆಮ್ಮದಿ. ಕಲ್ಲುಗಳನ್ನು ಮರಳಿನ ಮೇಲಲ್ಲ, ಟ್ಯಾಂಕಿನ ತಳದ ಮೇಲೆಯೇ ಊರಿ, ಇಲ್ಲವಾದರೆ ಅದು ಕೆಳಗೆ ತೋಡಿದಾಗ ಕಲ್ಲು ಕುಸಿದು ಅದರ ಮೇಲೆಯೇ ಬೀಳುತ್ತದೆ. ವಾರಕ್ಕೆ ಎರಡು ಮೂರು ಬಾರಿ ಸಿಗಡಿ, ಬೊಂಡಾಸ, ಏಡಿಯ ತುಂಡು ಬದಲಾಯಿಸಿ ಕೊಡಿ, ಉದ್ದನೆಯ ಇಕ್ಕಳದಲ್ಲಿ ಕೊಡಿ, ಬೆರಳಿನಲ್ಲಿ ಬೇಡ. ಕಣ್ಣು ಮಂದ, ಮೂಗು ಚುರುಕು. ಸಿಗಡಿಯ ವಾಸನೆ ಹತ್ತಿದ ಬೆರಳು ಅದಕ್ಕೆ ಸಿಗಡಿಯೇ. ಆಹಾರವೆಂದು ಗೋಲ್ಡ್‌ಫಿಶ್ ಹಾಕಬೇಡಿ. ತಿಂದು ಉಳಿದದ್ದನ್ನು ಅದೇ ರಾತ್ರಿ ತೆಗೆಯಿರಿ, ಏಕೆಂದರೆ ಮಾಂಸ ತಿನ್ನುವ ಮೀನು ನೀರನ್ನು ಬೇಗ ಕೆಡಿಸುತ್ತದೆ. ಪೂರ್ತಿ ಬೆಳೆದರೆ ಎರಡಡಿ ದಾಟುತ್ತದೆ, ಕಡಲಿನಲ್ಲಿ 1 ಮೀಟರ್‌ವರೆಗೂ ಹೋಗುತ್ತದೆ, ಈಗಿನಿಂದಲೇ ದೊಡ್ಡ ಟ್ಯಾಂಕಿನ ಲೆಕ್ಕ ಹಾಕಿ.

ಚಿಕ್ಕ ಟ್ಯಾಂಕು, ಶಿವಮೊಗ್ಗ

ನಾನು ಓದುತ್ತ ಇದ್ದೆ, ಒಂದು ಪ್ರಶ್ನೆ ಕೇಳುವ ಆಸೆಯಾಯಿತು. ನನ್ನ ಬಳಿ ಇರುವುದು ಎರಡಡಿಯ ಟ್ಯಾಂಕು. ಸ್ನೋಫ್ಲೇಕ್‌ಗಿಂತ ಚಿಕ್ಕದಾಗಿಯೇ ಉಳಿಯುವ ಮೊರೇ ಇದೆಯೇ?

ಕಿವಿರು, ಮಂಗಳೂರು

ಇದೆ, ಚಿಕ್ಕ ಟ್ಯಾಂಕು ಅವರೇ. ಕುಬ್ಜ ಮೊರೇ ಎಂದು ಕರೆಯಬಹುದಾದ ಜಿಮ್ನೋಥೊರಾಕ್ಸ್ ಮೆಲಾಟ್ರೀಮಸ್ ಬೆಳೆದರೂ 26 ಸೆಂಟಿಮೀಟರ್ ದಾಟುವುದಿಲ್ಲ, ಅಂದರೆ ಶಾಲೆಯ ಮಕ್ಕಳ ಅಡಿಪಟ್ಟಿಗಿಂತಲೂ ಗಿಡ್ಡ. 1953ರಲ್ಲಿ ಲೆನರ್ಡ್ ಶುಲ್ಟ್ಜ್ ಇದನ್ನು ವಿವರಿಸಿದರು. ಹೆಸರಿನ ಅರ್ಥ ‘ಕಪ್ಪು ತೂತು’. ಕಿವಿರಿನ ತೂತಿನ ಸುತ್ತ ಕಪ್ಪು ಬಳೆಯಂಥ ಗುರುತು ಇರುವುದರಿಂದ ಆ ಹೆಸರು. ಕೆಲವು ಮೀನುಗಳು ಮಾಗಿದ ಬಾಳೆಹಣ್ಣಿನ ಹಳದಿಯಾಗಿದ್ದು, ನೀಲಿಯ ಕಣ್ಣಿನ ನಡುವೆ ಮೇಲಿಂದ ಕೆಳಕ್ಕೆ ಒಂದು ಕಪ್ಪು ಗೀರು ಎಳೆದಂತೆ ಕಾಣುತ್ತವೆ. ಪೂರ್ವ ಆಫ್ರಿಕಾದಿಂದ ಹವಾಯಿ, ಮಾರ್ಕೇಸಸ್ ದ್ವೀಪಗಳವರೆಗೆ ಹವಳದಿಬ್ಬಗಳ ಸಣ್ಣ ಸಣ್ಣ ತೂತುಗಳಲ್ಲಿ ಇದೆ, ಆದರೆ ಬೆರಳಿನ ದಪ್ಪದ ಮೀನು ಹವಳದ ತೂತಿನಿಂದ ಹೊರಗೆ ಬರುವುದೇ ಅಪರೂಪವಾದ್ದರಿಂದ ಅನೇಕ ಡೈವರ್‌ಗಳು ಅದರ ಪಕ್ಕದಲ್ಲೇ ಈಜಿ ಹೋಗಿರುತ್ತಾರೆ, ನೋಡಿರುವುದಿಲ್ಲ.

ಅದೇ ಕಾರಣದಿಂದ ಅದನ್ನು ಹಿಡಿಯುವುದೂ ಕಷ್ಟ, ಬೆಲೆಯೂ ವಿಪರೀತ. ಗಾತ್ರ ಚಿಕ್ಕದೆಂಬ ಒಂದೇ ಕಾರಣಕ್ಕೆ ಕೊಳ್ಳಬೇಡಿ ಎಂದು ನನ್ನ ವಿನಂತಿ. ಚಿಕ್ಕ ಟ್ಯಾಂಕಿನಲ್ಲಿ ನೀರಿನ ಗುಣ ಒಂದೇ ರಾತ್ರಿಯಲ್ಲಿ ಏರುಪೇರಾಗುತ್ತದೆ, ಅಷ್ಟು ತೆಳುವಾದ ಮೈಗೆ ಮುಚ್ಚಳದ ಇನ್ನೂ ಚಿಕ್ಕ ಸಂದು ಸಾಕಾಗುತ್ತದೆ.

ಅಳಿವೆ, ಕುಂದಾಪುರ

ಇವುಗಳನ್ನು ಯಾರಾದರೂ ಮರಿ ಮಾಡಿಸಿ ಬೆಳೆಸುತ್ತಾರೆಯೇ ಸರ್? ಹಾಗೆ ಬೆಳೆಸಿದ್ದು ಸಿಕ್ಕರೆ ಕಡಲಿನಿಂದ ಕಿತ್ತು ತಂದ ಪಾಪ ನಮಗಿರುವುದಿಲ್ಲ. ಇನ್ನೊಂದು, ಸಾಕಲಾಗದವರು ನೇತ್ರಾಣಿಯ ಹತ್ತಿರ ಬಿಟ್ಟುಬರಬಹುದೇ?

ಕಿವಿರು, ಮಂಗಳೂರು

ನನ್ನ ಮನಸ್ಸಿಗೆ ಹತ್ತಿರವಾದ ಪ್ರಶ್ನೆ ಇದು. ಕ್ಲೌನ್‌ಫಿಶ್‌ಗಳನ್ನು ಸಾಕಣೆಯಲ್ಲಿ ಮರಿ ಮಾಡಿಸಿ ಮಾರುತ್ತಾರೆ, ಸ್ನೋಫ್ಲೇಕ್ ಮೊರೇ ಹಾಗೆ ಬರುವುದಿಲ್ಲ. ಅಂಗಡಿಯಲ್ಲಿ ಕಾಣುವುದು ಕಡಲಿನಲ್ಲಿ ಹಿಡಿದ ಮೀನು. ಕಾರಣ ಅದರ ಬಾಲ್ಯ. ಮೊಟ್ಟೆಯೊಡೆದು ಬರುವ ಮರಿ ಹಾವುಮೀನಿನ ಹಾಗೆ ಇರುವುದೇ ಇಲ್ಲ. ಗಾಜಿನಲ್ಲಿ ಕತ್ತರಿಸಿದ ಬಿದಿರೆಲೆಯಂತೆ ಚಪ್ಪಟೆಯಾಗಿ, ಪಾರದರ್ಶಕವಾಗಿ, ಚಿಕ್ಕ ತಲೆಯೊಂದಿಗೆ ತೇಲುತ್ತಿರುತ್ತದೆ. ರಕ್ತದಲ್ಲಿ ಕೆಂಪು ಕಣಗಳೂ ಇರುವುದಿಲ್ಲ. ಇಂಥ ಮರಿಗಳನ್ನು ಹಿಂದಿನವರು ಬೇರೆಯೇ ಮೀನು ಎಂದು ತಿಳಿದು ಲೆಪ್ಟೊಸೆಫಾಲಸ್ ಎಂದು ಹೆಸರಿಟ್ಟಿದ್ದರು. ಹಾವುಮೀನಿನ ಮರಿಯೇ ಇದು ಎಂದು 19ನೇ ಶತಮಾನದ ಕೊನೆಯಲ್ಲಿ ಇಟಲಿಯ ಗ್ರಾಸಿ ಮತ್ತು ಕಲಾಂಡ್ರುಚ್ಚೊ ತೋರಿಸಿದರು. ತಿಂಗಳುಗಟ್ಟಲೆ ಈ ಎಲೆ ತೆರೆದ ಕಡಲಿನಲ್ಲಿ, ಮೇಲಿನಿಂದ ಉದುರುವ ಸಾವಯವ ಕಣಗಳನ್ನು ತಿನ್ನುತ್ತ, ಪ್ರವಾಹ ಒಯ್ದಲ್ಲಿಗೆ ಹೋಗುತ್ತದೆ. ಅದನ್ನು ತೊಟ್ಟಿಯಲ್ಲಿ ಉಳಿಸುವುದು, ತಿನ್ನಿಸುವುದು ಎಷ್ಟು ಕಷ್ಟ ಎಂದು ಊಹಿಸಬಹುದು.

ಆ ದೀರ್ಘ ತೇಲಾಟದ ಫಲವನ್ನು ಭೂಪಟದಲ್ಲಿ ನೋಡಿ. ಸ್ನೋಫ್ಲೇಕ್ ಮೊರೇ ಕೆಂಪು ಸಮುದ್ರ ಮತ್ತು ಪೂರ್ವ ಆಫ್ರಿಕಾದಿಂದ ಲಕ್ಷದ್ವೀಪ, ಅಂಡಮಾನ್, ಜಪಾನಿನ ದಕ್ಷಿಣ, ಹವಾಯಿಗಳನ್ನು ದಾಟಿ ಮೆಕ್ಸಿಕೊ, ಕೋಸ್ಟರಿಕಾಗಳ ತೀರದವರೆಗೆ ಇದೆ. ಇಷ್ಟೇ ವಿಶಾಲವಾಗಿ ಹರಡಿರುವ ಬೇರೆ ಎರಡು ಮೊರೇ ಜಾತಿಗಳ ವಂಶವಾಹಿಗಳನ್ನು 2010ರಲ್ಲಿ ಜೋಶುವಾ ರೀಸ್ ಮತ್ತು ಸಂಗಡಿಗರು ಹೋಲಿಸಿ ನೋಡಿದಾಗ, ಎರಡು ಮಹಾಸಾಗರಗಳ ಉದ್ದಕ್ಕೂ ಅವು ಹೆಚ್ಚುಕಡಿಮೆ ಒಂದೇ ಬಳಗವಾಗಿ ಕಂಡವು. ಬೆಳೆದ ಮೇಲೆ ತನ್ನ ಬಿಲವನ್ನು ಬಿಟ್ಟು ದೂರ ಹೋಗದ ಮೀನು, ಬಾಲ್ಯದಲ್ಲಿ ಕಡಲನ್ನೇ ದಾಟಿರುತ್ತದೆ!

ನೇತ್ರಾಣಿಯಲ್ಲಿ ಬಿಡುವುದು ಬೇಡವೇ ಬೇಡ. ಅಂಗಡಿಯ ತೊಟ್ಟಿಗಳಲ್ಲಿ ನಾನಾ ದೇಶದ ಮೀನುಗಳ ಜೊತೆ ಕಳೆದ ಜೀವಿ ಯಾವ ರೋಗ, ಯಾವ ಪರೋಪಜೀವಿಯನ್ನು ಹೊತ್ತಿದೆ ಎಂದು ಯಾರೂ ಹೇಳಲಾರರು. ಮೊದಲೇ ನಮ್ಮ ಹವಳಗಳು ಬಳಲಿವೆ. ಲಕ್ಷದ್ವೀಪದಲ್ಲಿ 1998, 2010, 2016ರ ಬಳಿಕ 2024ರಲ್ಲೂ ಕಡಲು ಬಿಸಿಯೇರಿ ಹವಳ ಬಿಳಿಚಿಕೊಂಡಿದೆ. ಸಾಕಲಾಗದವರು ದೊಡ್ಡ ಟ್ಯಾಂಕು ಇರುವ ಇನ್ನೊಬ್ಬರಿಗೆ ಒಪ್ಪಿಸಲಿ.

ಇಳಿತ, ಮುರುಡೇಶ್ವರ

ಬಿಳಿಚಿದ ಮೇಲೆ ಹವಳ ಮುರಿದು ಕಲ್ಲುಪುಡಿಯ ರಾಶಿಯಾಗುವುದನ್ನು ಕಡಮತ್‌ನಲ್ಲಿ ನೋಡಿದ್ದೇನೆ. ಸ್ನೋಫ್ಲೇಕ್ ಆ ಮುರುಕುಗಳ ನಡುವೆಯೂ ಬಾಳುತ್ತದೆ, ಚೂರುಕಲ್ಲಿನ ಸಂದಿನಿಂದಲೂ ಅದರ ಬಿಳಿಯ ಮೂತಿ ಇಣುಕುತ್ತದೆ. ಆದರೆ ಅಲೆಯ ಹೊಡೆತಕ್ಕೆ ಆ ರಾಶಿಯೂ ಸವೆದು ಮರಳಾದಾಗ ಸಂದೇ ಉಳಿಯುವುದಿಲ್ಲ. ಎರಡು ವರ್ಷ ಹಿಂದೆ ನಾನು ಗುರುತಿಟ್ಟುಕೊಂಡಿದ್ದ ಒಂದು ಬಿಲವನ್ನು ಕಳೆದ ಬಾರಿ ಹುಡುಕಿದೆ, ಅಲ್ಲಿ ಬರಿಯ ಮರಳಿತ್ತು.

ಉಪ್ಪುನೀರು, ಬೆಂಗಳೂರು

ಎಲ್ಲರಿಗೂ ಕೈಮುಗಿದು ವಂದಿಸುತ್ತೇನೆ. ಮೊದಲ ಬರಹ ಹಾಕಿ ಮೂರು ವಾರವಾಯಿತು, ಏನಾಯಿತೆಂದು ಹೇಳುವುದು ನನ್ನ ಕರ್ತವ್ಯ.

ಮೈಸೂರಿನವರು ಹೇಳಿದಂತೆ ಅಕ್ರಿಲಿಕ್ ಹಾಳೆಯನ್ನು ಪೈಪಿನ ಅಳತೆಗೆ ಕೊರೆಸಿ ಕೂರಿಸಿದ್ದೇನೆ. ಕಲ್ಲುಗಳನ್ನು ತೆಗೆದು, ಮರಳು ಸರಿಸಿ, ತಳದ ಮೇಲೆ ಮತ್ತೆ ಜೋಡಿಸಿದೆ. ಒಂದೂಕಾಲು ಇಂಚಿನ ಎರಡು ಕೊಳವೆಗಳನ್ನು ಅಡಿಯಲ್ಲಿ ಹುದುಗಿಸಿದೆ. ನನ್ನ ತಪ್ಪು ಎಲ್ಲಿತ್ತು ಎಂದು ಆಗ ಕಾಣಿಸಿತು. ನಾನು ಕೊಟ್ಟಿದ್ದ ಗುಹೆ ನೋಡಲು ಚೆಂದವಿತ್ತು, ಆದರೆ ಅದು ನನ್ನ ಮುಷ್ಟಿ ಹಿಡಿಯುವಷ್ಟು ದೊಡ್ಡದಿತ್ತು. ಅದರೊಳಗೆ ಮೀನಿನ ಮೈಗೆ ಯಾವ ಕಡೆಯೂ ತಾಗುತ್ತಿರಲಿಲ್ಲ. ಕೊಳವೆ ಇಟ್ಟ ರಾತ್ರಿಯೇ ಅದು ಒಳಹೊಕ್ಕಿತು. ಹಗಲಿನಲ್ಲಿ ಈಗ ಒಂದು ತುದಿಯಿಂದ ಮೂತಿ, ಇನ್ನೊಂದು ತುದಿಯಿಂದ ಬಾಲದ ನಾಲ್ಕು ಬೆರಳು ಕಾಣುತ್ತದೆ. ಮೈಮೇಲಿನ ಒರಟು ಕಲೆ ಮಾಯವಾಗಿದೆ, ಸೋಂಕು ಏಳಲಿಲ್ಲ.

ಶನಿವಾರ ರಾತ್ರಿ ದೀಪವೆಲ್ಲ ಆರಿಸಿ, ಮಂದವಾದ ಕೆಂಪು ಬೆಳಕಿನಲ್ಲಿ ಕುಳಿತು ನೋಡಿದೆ. ಏಡಿಯ ಕೊಂಬೊಂದನ್ನು ಇಕ್ಕಳದಲ್ಲಿ ಹಿಡಿದು ಅದರ ಕಣ್ಣ ಮುಂದೆಯೇ ಇಳಿಬಿಟ್ಟರೂ ಅದಕ್ಕೆ ಕಾಣಲಿಲ್ಲ. ನೀರಿನಲ್ಲಿ ವಾಸನೆ ಹರಡಿದಂತೆ ಆ ಹಳದಿ ಹೊಳ್ಳೆಗಳು ಮೊದಲು ಅತ್ತ ತಿರುಗಿದವು, ಬಳಿಕ ತಲೆ, ಬಳಿಕ ಇಡೀ ಮೈ ಕೊಳವೆಯಿಂದ ಸುರುಳಿ ಬಿಚ್ಚಿದಂತೆ ಹೊರಬಂತು. ಕೊಂಬನ್ನು ಮೂತಿಯಿಂದ ಎರಡು ಬಾರಿ ಮುಟ್ಟಿ ನೋಡಿ, ಅಡ್ಡಡ್ಡ ಹಿಡಿದು, ಬಾಲದ ಕಡೆ ಮೈಯಲ್ಲಿ ಗಂಟು ಹಾಕಿಕೊಂಡು, ಆ ಗಂಟನ್ನು ತಲೆಯ ತನಕ ಜಾರಿಸಿ, ಅದರ ಬಲದಿಂದ ತುಂಡನ್ನು ಜಗ್ಗಿತು. ಗಾಜಿನ ಈಚೆಗೆ ಕುಳಿತ ನನಗೂ ನನ್ನ ಮಗಳಿಗೂ ಚಿಪ್ಪು ಒಡೆದ ‘ಟಕ್’ ಎಂಬ ಸದ್ದು ಕೇಳಿತು. ಮುಂದಿನ ದವಡೆ ಬಿಗಿ ಹಿಡಿದಿರುವಾಗಲೇ ತುಂಡು ಒಮ್ಮೆಲೆ ಅರ್ಧ ಒಳಗೆ ಹೋಯಿತು. ಯಾರೋ ಒಳಗಿನಿಂದ ಎಳೆದುಕೊಂಡಂತೆ. ‘ಅಪ್ಪಾ, ಒಳಗಿನ ಬಾಯಿ!’ ಎಂದು ಮಗಳು ಗಾಜಿಗೆ ಕೈಯಿಟ್ಟಳು. ಮೀನು ಬಾಯಿ ತೆರೆಯುತ್ತ ಮುಚ್ಚುತ್ತ ಕೊಳವೆಯೊಳಕ್ಕೆ ಹಿಮ್ಮುಖವಾಗಿ ಸರಿಯಿತು, ಅದು ಉಸಿರಾಡುತ್ತಿದೆ ಎಂದು ಅವಳಿಗೆ ಹೇಳಿದೆ.